ಆಟಕ್ಕುಂಟು, ಲೆಕ್ಕಕ್ಕಿಲ್ಲ: ವಿನ್ಸ್ ಲೊಂಬಾರ್ಡಿ ಕಥೆ

ಚಿಕ್ಕಂದಿನಲ್ಲಿ ಗಲ್ಲಿ ಕ್ರಿಕೆಟ್ ಆಡುವಾಗ ಯಾರದೋ ಪುಟ್ಟ ತಮ್ಮ ಬಂದು ನಾನೂ ಆಡ್ತೀನಿ ಅಂತ ಅತ್ತರೆ, ನಾವು ಅವನನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಳ್ಳುತ್ತಿದ್ದೆವು. ಅವನು ಔಟಾದರೂ ಔಟಲ್ಲ, ರನ್ ಹೊಡೆದರೂ ರನ್ನಲ್ಲ. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇಂಥ ಮ್ಯಾಚುಗಳಿಗೆ ಅಂತಾನೇ ಒಂದು ತಿಂಗಳಿದೆ. ಹೆಸರು ಪ್ರಿಸೀಸನ್. (ಇದು ಮೆಸ್ಸಿ ಆಡೋ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆ ಆಕಾರದ ಚೆಂಡು ಹಿಡಿದು ಓಡುವ ಆಟ.)

ಆಗಸ್ಟ್‌ನಲ್ಲಿ ಸ್ಟೇಡಿಯಂ ಇರುತ್ತೆ, ಅಂಪೈರ್ ಇರ್ತಾರೆ, ಸ್ಕೋರ್‌ಬೋರ್ಡೂ ಇರುತ್ತೆ. ಆದರೆ ಗೆಲುವು ಸೋಲು ಪಾಯಿಂಟ್ಸ್ ಪಟ್ಟಿಗೆ ಸೇರೋದಿಲ್ಲ. ಈಗಿನ ನಿಯಮದಲ್ಲಿ 90 ಜನರ ತನಕ ಕ್ಯಾಂಪಿಗೆ ಕರೆದು, ಪ್ರಿಸೀಸನ್ ಮುಗಿಯುವಷ್ಟರಲ್ಲಿ 53ಕ್ಕೆ ಇಳಿಸಬೇಕು. ಹಾಗಾಗಿ ಸ್ಟಾರ್ ಆಟಗಾರರು ಬೆಂಚಿನ ಮೇಲೆ ಕೂತಿರ್ತಾರೆ, ಕೆಲಸ ಉಳಿಸಿಕೊಳ್ಳಬೇಕಾದ ಹುಡುಗರು ಜೀವ ಬಿಟ್ಟು ಆಡ್ತಾರೆ.

ಹಾಗಾದರೆ ಪ್ರಿಸೀಸನ್ ನೋಡಿ ಟೀಮಿನ ಭವಿಷ್ಯ ಹೇಳಬಹುದಾ? ಸ್ಕೋರ್ ನಂಬಿದವರು ಕೆಟ್ಟರು ಅಂತಲೇ ಹೇಳಬೇಕು. 2008ರಲ್ಲಿ ಡೆಟ್ರಾಯ್ಟ್ ಲಯನ್ಸ್ ಪ್ರಿಸೀಸನ್‌ನ ನಾಲ್ಕಕ್ಕೆ ನಾಲ್ಕೂ ಗೆದ್ದಿತು. ಆಮೇಲೆ ನಿಜವಾದ ಸೀಸನ್‌ನಲ್ಲಿ 16ಕ್ಕೆ 16 ಸೋತಿತು. 2017ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕಥೆಯೂ ಡಿಟ್ಟೋ: ನಾಲ್ಕು ಗೆಲುವು, ಆಮೇಲೆ 16 ಸೋಲು. ಸರಿ, ಸ್ಕೋರ್ ಬಿಡೋಣ. ಬೇರೆ ಏನಾದರೂ ಕಾಣುತ್ತಾ? ಇದಕ್ಕೆ ಉತ್ತರ ಒಬ್ಬ ಮನುಷ್ಯನ ಜೀವನದಲ್ಲಿದೆ. ಎನ್‌ಎಫ್‌ಎಲ್‌ನ ದೊಡ್ಡ ಟ್ರೋಫಿಗೆ ಅವರದೇ ಹೆಸರು: ವಿನ್ಸ್ ಲೊಂಬಾರ್ಡಿ.

ಲೊಂಬಾರ್ಡಿ ಹುಟ್ಟಿದ್ದು 1913ರ ಜೂನ್ 11ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಇಟಲಿ ಮೂಲದ ಕುಟುಂಬ, ಅಪ್ಪನದು ಮಾಂಸದ ವ್ಯಾಪಾರ, ಐದು ಮಕ್ಕಳಲ್ಲಿ ಇವರೇ ದೊಡ್ಡವರು. ಪಾದ್ರಿ ಆಗಬೇಕು ಅಂತ ಓದಲು ಶುರು ಮಾಡಿ ಅರ್ಧಕ್ಕೆ ಬಿಟ್ಟರು. ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಡಿದರು. ಅಲ್ಲಿನ ಏಳು ಜನರ ಮುಂಚೂಣಿ ಸಾಲಿಗೆ ಗ್ರಾನೈಟ್ ಬಂಡೆಗಳು ಅಂತಲೇ ಹೆಸರು ಬಿದ್ದಿತ್ತು. 1937ರಲ್ಲಿ ಡಿಗ್ರಿ ಮುಗಿಯಿತು.

1939ರಲ್ಲಿ ನ್ಯೂಜೆರ್ಸಿಯ ಸೇಂಟ್ ಸಿಸಿಲಿಯಾ ಹೈಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಕಲಿಸಿದ್ದು ಫಿಸಿಕ್ಸ್, ಕೆಮಿಸ್ಟ್ರಿ ಮತ್ತು ಲ್ಯಾಟಿನ್. ಜೊತೆಗೆ ಫುಟ್‌ಬಾಲ್ ಕೋಚಿಂಗ್. ಕ್ಲಾಸಿನಲ್ಲಿ ಎಲ್ಲರಿಗಿಂತ ನಿಧಾನ ಇರುವ ಹುಡುಗನಿಗೆ ಅರ್ಥ ಆಗುವ ತನಕ ಮುಂದೆ ಹೋಗಬಾರದು ಅನ್ನೋದು ಅವರ ರೀತಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1947ರಲ್ಲಿ ಸ್ಕೂಲು ಬಿಟ್ಟು ಫೋರ್ಡಮ್‌ಗೆ, 1949ರಲ್ಲಿ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಗೆ ಹೋದರು. ಅಲ್ಲಿ ರೆಡ್ ಬ್ಲೇಕ್ ಎಂಬ ಕೋಚ್ ಕೆಳಗೆ ಮ್ಯಾಚಿನ ಫಿಲ್ಮನ್ನು ಹಿಂದೆ ಮುಂದೆ ಓಡಿಸಿ, ಒಬ್ಬೊಬ್ಬ ಆಟಗಾರನ ಹೆಜ್ಜೆ ನೋಡುವುದನ್ನು ಕಲಿತರು. 1954ರಿಂದ ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲಿ ಸಹಾಯಕ ಕೋಚ್. ಮುಖ್ಯ ಕೋಚ್ ಆಗುವ ಹೊತ್ತಿಗೆ ವಯಸ್ಸು 45. ಸಿಕ್ಕಿದ ಟೀಮಾದರೂ ಯಾವುದು? ಗ್ರೀನ್ ಬೇ ಪ್ಯಾಕರ್ಸ್. 1958ರಲ್ಲಿ 12 ಮ್ಯಾಚಿನಲ್ಲಿ ಒಂದೇ ಗೆಲುವು, ಒಂದು ಟೈ, ಹತ್ತು ಸೋಲು. ಸುಮಾರು 60 ಸಾವಿರ ಜನರ ಸಣ್ಣ ಊರು, ಟೀಮಿನ ಷೇರು ಇರುವುದೂ ಊರಿನವರ ಕೈಯಲ್ಲೇ.

1959ರ ಬೇಸಿಗೆಯಲ್ಲಿ ಕ್ಯಾಂಪ್ ಶುರುವಾಯಿತು. ಆಟಗಾರರಿಗೆ ವಸತಿ ಪಕ್ಕದ ಊರಿನ ಸೇಂಟ್ ನಾರ್ಬರ್ಟ್ ಕಾಲೇಜಿನ ಹಾಸ್ಟೆಲ್. ನಮ್ಮ ಹಾಸ್ಟೆಲ್ ವಾರ್ಡನ್ನೇ ವಾಸಿ ಅನ್ನಿಸುವಷ್ಟು ಶಿಸ್ತು. ಹೇಳಿದ ಟೈಮಿಗಿಂತ 15 ನಿಮಿಷ ಮೊದಲೇ ಬಂದರೆ ಮಾತ್ರ ಸರಿಯಾದ ಟೈಮಿಗೆ ಬಂದ ಹಾಗೆ. ಅಭ್ಯಾಸ ಮಾಡಿಸಿದ ಪಟ್ಟುಗಳು ಕಮ್ಮಿ, ಆದರೆ ಅವನ್ನೇ ನೂರಾರು ಸಲ. ಎಲ್ಲಕ್ಕಿಂತ ಹೆಸರಾದದ್ದು ಸ್ವೀಪ್: ಸಾಲಿನಲ್ಲಿರುವ ಇಬ್ಬರು ಗಾರ್ಡ್‌ಗಳು ಜಾಗ ಬಿಟ್ಟು ಪಕ್ಕಕ್ಕೆ ಓಡಿ ದಾರಿ ಬಿಡಿಸುತ್ತಾರೆ, ಚೆಂಡು ಹಿಡಿದವನು ಅವರ ಹಿಂದೆ ಹೋಗಿ ಎಲ್ಲಿ ಸಂದು ಕಾಣುತ್ತದೋ ಅಲ್ಲಿ ನುಗ್ಗುತ್ತಾನೆ. ಎದುರಾಳಿಗೆ ಇದು ಬರುತ್ತೆ ಅಂತ ಗೊತ್ತಿದ್ದರೂ ತಡೆಯೋಕೆ ಆಗಬಾರದು. ಫಿಸಿಕ್ಸ್ ಮೇಷ್ಟ್ರು ಹಾಗೇ ಕಲಿಸಿದರು, ಎಲ್ಲರಿಗಿಂತ ನಿಧಾನದವನಿಗೂ ಕಣ್ಣು ಮುಚ್ಚಿದರೂ ಬರುವ ತನಕ.

ಆ ವರ್ಷ ಅವರು ಮಾಡಿದ ಒಂದು ನಿರ್ಧಾರ ಅದ್ಭುತವಾಗಿ ಫಲಿಸಿತು. ಪಾಲ್ ಹಾರ್ನಂಗ್ ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಹಂಚುವ ನಾಯಕ. ಪ್ಯಾಕರ್ಸ್‌ಗೆ ಬಂದು ಎರಡು ವರ್ಷವಾದರೂ ಎಲ್ಲಿ ನಿಲ್ಲಿಸಬೇಕು ಅಂತ ಯಾರಿಗೂ ತಿಳಿದಿರಲಿಲ್ಲ. ಲೊಂಬಾರ್ಡಿ ಅವನನ್ನು ಹಾಫ್‌ಬ್ಯಾಕ್ ಮಾಡಿ ಸ್ವೀಪ್‌ನಲ್ಲಿ ಚೆಂಡು ಕೊಟ್ಟರು. 1960ರಲ್ಲಿ ಅದೇ ಹಾರ್ನಂಗ್ ಒಂದೇ ಸೀಸನ್‌ನಲ್ಲಿ 176 ಪಾಯಿಂಟ್ ಗಳಿಸಿದ.

ಇನ್ನೊಂದು ಲೆಕ್ಕ ತಪ್ಪಿತು. ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಬೇರೆ ಟೀಮಿನಿಂದ ಲಮಾರ್ ಮೆಕ್‌ಹ್ಯಾನ್‌ನನ್ನು ತಂದು, ಸೀಸನ್ ಶುರುವಾದಾಗ ಅವನನ್ನೇ ಇಳಿಸಿದರು. ಬಾರ್ಟ್ ಸ್ಟಾರ್ ಎಂಬ ಮೆತ್ತನೆ ಮಾತಿನ ಹುಡುಗ ಬೆಂಚಿನಲ್ಲಿ. 1956ರ ಡ್ರಾಫ್ಟ್‌ನಲ್ಲಿ 17ನೇ ಸುತ್ತಿನಲ್ಲಿ ಸಿಕ್ಕವನು ಅವನು. ಟೀಮು ಮೊದಲ ಮೂರು ಮ್ಯಾಚ್ ಗೆದ್ದಿತು, ಆಮೇಲೆ ಸಾಲಾಗಿ ಐದು ಸೋತಿತು. ಬೇರೆ ದಾರಿಯಿಲ್ಲದೆ ಸ್ಟಾರ್‌ಗೆ ಅವಕಾಶ ಬಂತು. ಕೊನೆಯ ನಾಲ್ಕೂ ಮ್ಯಾಚ್ ಗೆಲುವು, ಒಟ್ಟು 7-5. ಮುಂದೆ ಪ್ಯಾಕರ್ಸ್ ಗೆದ್ದ ಐದೂ ಚಾಂಪಿಯನ್‌ಶಿಪ್‌ಗಳಲ್ಲಿ ಕ್ವಾರ್ಟರ್‌ಬ್ಯಾಕ್ ಇದೇ ಬಾರ್ಟ್ ಸ್ಟಾರ್. ಇಡೀ ಬೇಸಿಗೆ ಕಣ್ಣೆದುರಿಗೇ ಇದ್ದವನನ್ನು ಲೊಂಬಾರ್ಡಿಯಂಥವರೂ ಗುರುತಿಸಲಿಲ್ಲ ಅಂದರೆ, ಪ್ರಿಸೀಸನ್ ಎಷ್ಟು ಮಸುಕಾದ ಕನ್ನಡಿ ಅಂತ ನೀವೇ ಯೋಚಿಸಿ.

ಪ್ರಿಸೀಸನ್ ಬರೀ ಆಟವನ್ನು ತೋರಿಸಿದ್ದೂ ಅಲ್ಲ. ಆಗ ಈ ಮ್ಯಾಚುಗಳಿಗೆ ಟೀಮುಗಳು ಊರೂರು ಸುತ್ತುತ್ತಿದ್ದವು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಆಟಗಾರರಿಗೆ ಬಿಳಿಯರ ಹೋಟೆಲಿನಲ್ಲಿ ರೂಮು ಕೊಡುತ್ತಿರಲಿಲ್ಲ. ಒಂದೇ ಜೆರ್ಸಿ ಹಾಕಿದವರು ರಾತ್ರಿ ಬೇರೆ ಬೇರೆ ಕಡೆ ಮಲಗಬೇಕಿತ್ತು. ಇಟಲಿ ಹೆಸರಿನ ಕಾರಣಕ್ಕೆ ತಾವೂ ಅವಮಾನ ಕಂಡಿದ್ದ ಲೊಂಬಾರ್ಡಿಗೆ ಇದು ಸಹಿಸಲಾಗಲಿಲ್ಲ. ಇಡೀ ಟೀಮು ಒಟ್ಟಿಗೆ ಉಳಿಯಲು ಆಗದ ಜಾಗದಲ್ಲಿ ತಂಗುವುದೇ ಬೇಡ ಎಂದು ತೀರ್ಮಾನಿಸಿದರು. ಜಾರ್ಜಿಯಾದಲ್ಲಿ ಪ್ರಿಸೀಸನ್ ಮ್ಯಾಚ್ ಇದ್ದಾಗ ಎಲ್ಲರನ್ನೂ ಫೋರ್ಟ್ ಬೆನ್ನಿಂಗ್ ಎಂಬ ಸೇನಾ ನೆಲೆಯಲ್ಲಿ ಉಳಿಸಿದರು. ಆ ಮ್ಯಾಚಿನ ಸ್ಕೋರ್ ಯಾವ ಲೆಕ್ಕಕ್ಕೂ ಇಲ್ಲ. ಆದರೆ ತಮ್ಮ ಕೋಚ್ ಎಂಥವರು ಅಂತ ಆಟಗಾರರಿಗೆ ಆ ರಾತ್ರಿ ಗೊತ್ತಾಗಿರಬೇಕು.

1960ರಲ್ಲಿ ಪ್ಯಾಕರ್ಸ್ ಫೈನಲ್ ತಲುಪಿ ಫಿಲಡೆಲ್ಫಿಯಾ ಎದುರು 17-13ರಿಂದ ಸೋತಿತು. ಮುಂದಿನ ಕ್ಯಾಂಪಿನಲ್ಲಿ ಲೊಂಬಾರ್ಡಿ ಚೆಂಡನ್ನು ಎತ್ತಿ ಹಿಡಿದು, ಇದೇನು ಅನ್ನುವುದರಿಂದ ಪಾಠ ಶುರು ಮಾಡಿದರಂತೆ. ದೇಶದ ದೊಡ್ಡ ದೊಡ್ಡ ಆಟಗಾರರಿಗೆ ಒಂದನೇ ಕ್ಲಾಸಿನ ಪಾಠ! 1961ರಲ್ಲಿ ಚಾಂಪಿಯನ್, ಫೈನಲ್ ಸ್ಕೋರ್ 37-0. 1962ರಲ್ಲಿ 13 ಗೆಲುವು ಒಂದು ಸೋಲು, ಮತ್ತೆ ಚಾಂಪಿಯನ್.

ಆಮೇಲೆ ಬಂತು 1963ರ ಆಗಸ್ಟ್ 2. ಹಿಂದಿನ ವರ್ಷದ ಚಾಂಪಿಯನ್ ಟೀಮು ಆಗಷ್ಟೇ ಕಾಲೇಜು ಮುಗಿಸಿದ ಹುಡುಗರ ತಂಡದ ಜೊತೆ ಷಿಕಾಗೋದಲ್ಲಿ ಆಡುವ ಪದ್ಧತಿ ಆಗ ಇತ್ತು. ಹುಡುಗರ ಕೋಚ್ ಆಟೋ ಗ್ರಹಾಂ. ಕೆಲವೇ ವಾರ ಒಟ್ಟಿಗೆ ಅಭ್ಯಾಸ ಮಾಡಿದ್ದ ಆ ಹುಡುಗರು ಪ್ಯಾಕರ್ಸ್‌ನ್ನು 20-17ರಿಂದ ಸೋಲಿಸಿದರು! ಲೊಂಬಾರ್ಡಿಗೆ ಇದಕ್ಕಿಂತ ದೊಡ್ಡ ಮುಖಭಂಗ ಬೇಕಾ? ಬೆಟ್ಟಿಂಗ್ ಕಾರಣಕ್ಕೆ ಹಾರ್ನಂಗ್ ಬೇರೆ ಇಡೀ ವರ್ಷ ಅಮಾನತಾಗಿದ್ದ. ಸ್ಕೋರ್ ಓದಿದವರು ಪ್ಯಾಕರ್ಸ್ ಕಥೆ ಮುಗೀತು ಅಂದುಕೊಂಡಿದ್ದರೆ ತಪ್ಪಲ್ಲ. ಆದರೆ ಆ ಸೀಸನ್‌ನಲ್ಲಿ ಟೀಮು 11 ಗೆದ್ದು, ಎರಡೇ ಸೋತು, ಒಂದು ಟೈ ಮಾಡಿತು. ಸೋತ ಎರಡೂ ಷಿಕಾಗೋ ಬೇರ್ಸ್ ಎದುರೇ, ಬೇರ್ಸೇ ಆ ವರ್ಷದ ಚಾಂಪಿಯನ್. ಅಂದರೆ ಆಗಸ್ಟ್‌ನ ಸೋಲು ಪೂರ್ತಿ ನಿಜವನ್ನೂ ಹೇಳಲಿಲ್ಲ, ಪೂರ್ತಿ ಸುಳ್ಳನ್ನೂ ಹೇಳಲಿಲ್ಲ.

1965, 66, 67ರಲ್ಲಿ ಸತತ ಮೂರು ಸಲ ಚಾಂಪಿಯನ್, ಜೊತೆಗೆ ಮೊದಲ ಎರಡು ಸೂಪರ್ ಬೌಲ್. ಇಷ್ಟಾದ ಮೇಲೆ 1968ರಲ್ಲಿ ಕೋಚಿಂಗ್ ಬಿಟ್ಟರು. ಒಂದೇ ವರ್ಷ. ಸುಮ್ಮನೆ ಕೂರಲು ಆಗಲಿಲ್ಲ. 1969ರಲ್ಲಿ ವಾಷಿಂಗ್ಟನ್ ತಂಡಕ್ಕೆ ಬಂದರು, ಅದೂ ಯಾರ ಜಾಗಕ್ಕೆ? 1963ರಲ್ಲಿ ತಮ್ಮನ್ನು ಸೋಲಿಸಿದ್ದ ಅದೇ ಆಟೋ ಗ್ರಹಾಂ ಜಾಗಕ್ಕೆ.

ನಮಗೆ ತುಂಬಾ ಇಷ್ಟವಾದ ಘಟನೆ ಈ ಕ್ಯಾಂಪಿನದು. ಲ್ಯಾರಿ ಬ್ರೌನ್ ಎಂಬ ಹೊಸ ಹುಡುಗ, ಡ್ರಾಫ್ಟ್‌ನ ಎಂಟನೇ ಸುತ್ತಿನವನು. ಚೆನ್ನಾಗಿ ಓಡುತ್ತಿದ್ದ, ಆದರೆ ಪ್ರತಿ ಸಲ ಚೆಂಡು ಹೊರಟ ಮೇಲೆ ಒಂದು ಕ್ಷಣ ತಡವಾಗಿ ಹೊರಡುತ್ತಿದ್ದ. ಬೇರೆಯವರಾಗಿದ್ದರೆ ಸೋಮಾರಿ ಅಂತ ಮನೆಗೆ ಕಳಿಸುತ್ತಿದ್ದರೋ ಏನೋ. ಲೊಂಬಾರ್ಡಿ ಫಿಲ್ಮ್ ನೋಡಿದರು, ಅನುಮಾನ ಬಂತು, ಕಿವಿ ಪರೀಕ್ಷೆ ಮಾಡಿಸಿದರು. ಹುಡುಗನಿಗೆ ಒಂದು ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಕ್ವಾರ್ಟರ್‌ಬ್ಯಾಕ್ ಕೂಗುವ ಸಂಕೇತ ಅವನಿಗೆ ಮುಟ್ಟುತ್ತಿರಲಿಲ್ಲ. ಲೀಗ್‌ನಿಂದ ಅನುಮತಿ ತಂದು ಹೆಲ್ಮೆಟ್ಟಿನೊಳಗೇ ಹಿಯರಿಂಗ್ ಏಡ್ ಹಾಕಿಸಿದರು. ನಾವು ಎಂಜಿನಿಯರಿಂಗ್‌ನವರು ಇದನ್ನು ಡಿಬಗ್ಗಿಂಗ್ ಅಂತೀವಿ: ಔಟ್‌ಪುಟ್ ತಪ್ಪು ಬಂದರೆ ಮೊದಲು ಇನ್‌ಪುಟ್ ಸರಿಯಾಗಿ ತಲುಪ್ತಾ ಇದೆಯಾ ಅಂತ ನೋಡಬೇಕು. ವಾಷಿಂಗ್ಟನ್ ಆ ವರ್ಷ 7 ಗೆದ್ದು, 5 ಸೋತು, 2 ಟೈ ಮಾಡಿತು. ಸೋಲಿಗಿಂತ ಗೆಲುವು ಜಾಸ್ತಿಯಾದದ್ದು 1955ರ ನಂತರ ಅದೇ ಮೊದಲು. ಮರುವರ್ಷ 1,125 ಗಜ ಓಡಿದ ಬ್ರೌನ್ ಇಡೀ ಲೀಗ್‌ಗೇ ಮೊದಲಿಗ. 1972ರಲ್ಲಿ ಲೀಗ್‌ನ ಶ್ರೇಷ್ಠ ಆಟಗಾರ.

ಅದನ್ನು ನೋಡಲು ಲೊಂಬಾರ್ಡಿ ಇರಲಿಲ್ಲ. 1970ರ ಜೂನ್‌ನಲ್ಲಿ ಆಸ್ಪತ್ರೆಗೆ ಸೇರಿದರು, ಕರುಳಿನ ಕ್ಯಾನ್ಸರ್. ಟೀಮು ಅವರಿಲ್ಲದೆ ಕ್ಯಾಂಪ್ ಮಾಡಿತು, ಅವರಿಲ್ಲದೆ ಪ್ರಿಸೀಸನ್ ಆಡಿತು. ಸೆಪ್ಟೆಂಬರ್ 3ರಂದು, ಸೀಸನ್ ಶುರುವಾಗುವ ಮೊದಲೇ ತೀರಿಕೊಂಡರು. ವಯಸ್ಸು 57. ಆ ಸೀಸನ್‌ನಿಂದಲೇ ಸೂಪರ್ ಬೌಲ್ ಟ್ರೋಫಿಗೆ ಅವರ ಹೆಸರು ಬಂತು.

ಮುಂದೆ 1982ರಲ್ಲಿ ಇದೇ ವಾಷಿಂಗ್ಟನ್ ತಂಡ ಪ್ರಿಸೀಸನ್‌ನ ಒಂದು ಮ್ಯಾಚನ್ನೂ ಗೆಲ್ಲಲಿಲ್ಲ. ಅದೇ ಸೀಸನ್‌ನ ಕೊನೆಗೆ ಸೂಪರ್ ಬೌಲ್ ಗೆದ್ದು, ತಮ್ಮ ಹಳೇ ಕೋಚ್ ಹೆಸರಿನ ಟ್ರೋಫಿಯನ್ನು ಎತ್ತಿಕೊಂಡಿತು.

ನಮಗೂ ಒಂದು ಪ್ರಿಸೀಸನ್ ಇತ್ತಲ್ವಾ, ಸೆಕೆಂಡ್ ಪಿಯು ಪ್ರಿಪರೇಟರಿ? ಅದರ ಮಾರ್ಕ್ಸ್ ಈಗ ಯಾರಿಗೂ ನೆನಪಿಲ್ಲ. ಆದರೆ ಆ ಉತ್ತರ ಪತ್ರಿಕೆ ವಾಪಸ್ ಬಂದಾಗ ಟೋಟಲ್ ಮಾತ್ರ ನೋಡಿ ಬ್ಯಾಗಿಗೆ ತುರುಕಿದವರೂ ಇದ್ದೆವು, ಎಲ್ಲಿ ತಪ್ಪಿದೆ ಅಂತ ಒಂದೊಂದೇ ಪುಟ ತಿರುಗಿಸಿದವರೂ ಇದ್ದೆವು. ಲೊಂಬಾರ್ಡಿ ಪುಟ ತಿರುಗಿಸುವವರು. ಹಾಗೆ ನೋಡಿದರೂ ಬಾರ್ಟ್ ಸ್ಟಾರ್ ಒಮ್ಮೆ ಕಣ್ತಪ್ಪಿದ. ಆದರೆ ಹಾಗೆ ನೋಡಿದ್ದಕ್ಕೇ ಲ್ಯಾರಿ ಬ್ರೌನ್ ಸಿಕ್ಕ.