ಋಣಾನುಬಂಧ: ಭಗವಾನ್ ಶ್ರೀ ರಮಣರೂ ಅವರ ಮೂಕ ಪರಿವಾರವೂ

ಅರುಣಾಚಲದ ತಪ್ಪಲಿನಲ್ಲಿರುವ ಶ್ರೀ ರಮಣಾಶ್ರಮಕ್ಕೆ ಹೋದವರು ಮಾತೃಭೂತೇಶ್ವರನ ಗುಡಿಯಲ್ಲಿ ನಮಸ್ಕರಿಸಿ, ಮಹರ್ಷಿಗಳ ಸಮಾಧಿಗೆ ಪ್ರದಕ್ಷಿಣೆ ಬಂದು, ಹಳೆಯ ಹಜಾರದಲ್ಲಿ ಒಂದಿಷ್ಟು ಹೊತ್ತು ಕಣ್ಣು ಮುಚ್ಚಿ ಕುಳಿತು ಹಿಂದಿರುಗುವುದು ವಾಡಿಕೆ. ಇನ್ನೂ ನಾಲ್ಕು ಸಮಾಧಿಗಳು ಅದೇ ಆವರಣದಲ್ಲಿವೆ ಎಂಬುದು ಅವಸರದ ಯಾತ್ರಿಕರ ಕಣ್ಣಿಗೆ ಬೀಳದೆ ಹೋಗುವುದೂ ಉಂಟು. ಒಂದು ಹಸುವಿನದು, ಒಂದು ಜಿಂಕೆಯದು, ಒಂದು ನಾಯಿಯದು, ಮತ್ತೊಂದು ಕಾಗೆಯದು. ಸಮಾಧಿಯೆಂಬುದು ಯತಿಗಳಿಗೂ ಜ್ಞಾನಿಗಳಿಗೂ ಸಲ್ಲುವ ಗೌರವವಷ್ಟೆ. ಶ್ರಾದ್ಧದ ದಿನ ಮಾತ್ರ ನೆನಪಾಗುವ ಕಾಗೆಗೆ ಅದು ಹೇಗೆ ಸಂದಿತು? ಅದನ್ನು ತಿಳಿಯಬೇಕಾದರೆ ರಮಣರ ಬದುಕನ್ನು ಮೊದಲಿನಿಂದ ಒಮ್ಮೆ ನೋಡಬೇಕು.

ಪಾಂಡ್ಯನಾಡಿನ ತಿರುಚ್ಚುಳಿಯಲ್ಲಿ ಸುಂದರಮಯ್ಯರ್ ಮತ್ತು ಅಳಗಮ್ಮಾಳ್ ದಂಪತಿಗಳ ಎರಡನೆಯ ಮಗನಾಗಿ ವೆಂಕಟರಾಮನ್ ಜನಿಸಿದ್ದು 1879ರ ಡಿಸೆಂಬರ್ 30ರಂದು, ಆರ್ದ್ರಾ ದರ್ಶನದ ಪುಣ್ಯಕಾಲದಲ್ಲಿ. 1892ರಲ್ಲಿ ತಂದೆ ತೀರಿಕೊಂಡ ಬಳಿಕ ಹುಡುಗನು ಮಧುರೆಯಲ್ಲಿ ಚಿಕ್ಕಪ್ಪನ ಮನೆ ಸೇರಿದನು. 1896ರ ಜುಲೈ ತಿಂಗಳಲ್ಲಿ ಒಂದು ದಿನ, ಮೈಯಲ್ಲಿ ಯಾವ ರೋಗವೂ ಇಲ್ಲದೆ, ಸಾವಿನ ಭಯವೊಂದು ಅವನನ್ನು ಹಠಾತ್ತಾಗಿ ಹಿಡಿಯಿತು. ಓಡಿಹೋಗಿ ಯಾರನ್ನೂ ಕೂಗದೆ, ಹೆಣದಂತೆ ಅಂಗಾತ ಮಲಗಿ, ಸಾಯುವುದು ಯಾವುದು, ಉಳಿಯುವುದು ಯಾವುದು ಎಂದು ಆ ಹದಿನಾರರ ಬಾಲಕ ತನ್ನೊಳಗೆ ನೋಡಿಕೊಂಡನು. ಆ ಕೆಲವು ನಿಮಿಷಗಳಲ್ಲಿ ಆದದ್ದೇ ಕೊನೆಯವರೆಗೂ ಉಳಿಯಿತು.

ಆಗಸ್ಟ್ 29ರಂದು ಮನೆ ಬಿಟ್ಟ ಪ್ರಸಂಗವನ್ನು ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ಬಹಳ ಸ್ವಾರಸ್ಯವಾಗಿದೆ. ಅಣ್ಣನ ಕಾಲೇಜು ಶುಲ್ಕಕ್ಕೆಂದು ಕೊಟ್ಟಿದ್ದ ಐದು ರೂಪಾಯಿಗಳಲ್ಲಿ ಮೂರನ್ನು ಮಾತ್ರ ತೆಗೆದುಕೊಂಡು, ಎರಡನ್ನು ಚೀಟಿಯೊಂದಿಗೆ ಅಲ್ಲಿಯೇ ಇಟ್ಟು ಹೊರಟನು. ದಾರಿಯಲ್ಲಿ ಕಿವಿಯ ಚಿನ್ನದ ಕಡಕುಗಳನ್ನು ನಾಲ್ಕು ರೂಪಾಯಿಗೆ ಅಡವಿಟ್ಟು, ಅಡವಿನ ಚೀಟಿಯನ್ನು ಆಮೇಲೆ ಹರಿದು ಎಸೆದನು. ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈ ಸೇರಿ ಅರುಣಾಚಲೇಶ್ವರನ ಮುಂದೆ ನಿಂತು ಬಂದವನು, ಉಳಿದಿದ್ದ ಮೂರು ಚಿಲ್ಲರೆ ರೂಪಾಯಿಗಳನ್ನೂ ಅಯ್ಯನ್ ಕೊಳಕ್ಕೆ ಎಸೆದುಬಿಟ್ಟನು. ಅಲ್ಲಿಗೆ ಲೋಕದೊಂದಿಗಿನ ಖಾತೆ ಮುಗಿಯಿತು. 1898ರಲ್ಲಿ ಪವಳಕುಂಡ್ರುವಿನಲ್ಲಿ ಹೆತ್ತ ತಾಯಿಯೇ ಬಂದು ದಿನಗಟ್ಟಲೆ ಕಣ್ಣೀರು ಸುರಿಸಿ ಕರೆದಾಗಲೂ ಮೌನ ಮುರಿಯಲಿಲ್ಲ; ಅವರವರ ಪ್ರಾರಬ್ಧದಂತೆ ಆಗುವುದು ಆಗಿಯೇ ತೀರುವುದೆಂಬ ಅರ್ಥದ ಕೆಲವು ಸಾಲುಗಳನ್ನು ಕಾಗದದಲ್ಲಿ ಬರೆದು ಕೊಟ್ಟರು. ಆ ತಾಯಿ ಬರಿಗೈಯಲ್ಲಿ ಹಿಂದಿರುಗಿದ ದೃಶ್ಯವನ್ನು ನೆನೆದರೆ, ಇವರೆಂಥ ಕಠಿಣ ಹೃದಯದವರೋ ಎಂದು ಗೃಹಸ್ಥರಿಗೆ ಅನ್ನಿಸದೆ ಇರದು.

ಹೀಗೆ ಎಲ್ಲ ಋಣವನ್ನೂ ಹರಿದುಕೊಂಡು ಬಂದವರ ಬಳಿಗೆ ಋಣವು ನಾಲ್ಕು ಕಾಲುಗಳ ಮೇಲೆ ನಡೆದು ಬಂದಿತು. 1899ರಿಂದ 1916ರವರೆಗೆ ಅವರು ಬೆಟ್ಟದ ಮೇಲಿನ ವಿರೂಪಾಕ್ಷ ಗುಹೆಯಲ್ಲಿಯೂ, ಆಮೇಲೆ 1922ರವರೆಗೆ ಸ್ಕಂದಾಶ್ರಮದಲ್ಲಿಯೂ ಇದ್ದರು. ಅಲ್ಲಿ ನೆರೆಹೊರೆಯೆಂದರೆ ಕೋತಿಗಳು, ಹಾವುಗಳು, ನಾಯಿಗಳು. ತಾವೇ ಅವುಗಳ ಮನೆಗೆ ಬಂದವರೆಂದೂ, ಅವುಗಳನ್ನು ಓಡಿಸಲು ತಮಗೆ ಹಕ್ಕಿಲ್ಲವೆಂದೂ ರಮಣರ ತಿಳಿವಳಿಕೆ. ಮಾತನಾಡುವಾಗ ಪ್ರಾಣಿಗಳನ್ನು ಅದು ಇದು ಎನ್ನುತ್ತಿರಲಿಲ್ಲ. ಅವನು, ಅವಳು ಎಂದೇ ಹೇಳುತ್ತಿದ್ದರು. ನಾಯಿಗಳಿಗೆ ಊಟವಾಯಿತೆ ಎಂದು ಕೇಳುವಾಗಲೂ ಹುಡುಗರಿಗೆ ಊಟವಾಯಿತೆ ಎಂದೇ ಕೇಳುವರು. ಆಶ್ರಮದಲ್ಲಿ ಮೊದಲು ನಾಯಿಗಳಿಗೆ, ಆಮೇಲೆ ಬಂದ ಭಿಕ್ಷುಕರಿಗೆ, ಕಡೆಯಲ್ಲಿ ಭಕ್ತರಿಗೆ ಅನ್ನ ಬಡಿಸಬೇಕೆಂಬುದು ಅವರ ಕಟ್ಟಳೆಯಾಗಿತ್ತು. ನಪುಂಸಕಲಿಂಗದ ಬಳಕೆಯಲ್ಲಿ ನಾವು ಕನ್ನಡಿಗರೂ ತಮಿಳರಂತೆಯೇ ಕಟ್ಟುನಿಟ್ಟು. ಆದ್ದರಿಂದ ಈ ಸಣ್ಣ ವ್ಯಾಕರಣದೋಷದ ಹಿಂದಿನ ಮನಸ್ಸು ನಮಗೆ ಬೇಗ ತಿಳಿಯುತ್ತದೆ.

ಕೋತಿಗಳ ಹಿಂಡಿನ ಅರಸನು ಒಮ್ಮೆ ಒಂದು ಮರಿಯನ್ನು ಕಚ್ಚಿ ಕೆಡವಿ ಹೋದನು. ಅದು ಕುಂಟುತ್ತ ವಿರೂಪಾಕ್ಷ ಗುಹೆಗೆ ಬಂದಿತು. ನೊಂಡಿ, ಎಂದರೆ ಕುಂಟ, ಎಂದು ಅದಕ್ಕೆ ಹೆಸರಾಯಿತು. ಶುಶ್ರೂಷೆಯಿಂದ ಚೇತರಿಸಿಕೊಂಡ ನೊಂಡಿ ರಮಣರ ತೊಡೆಯನ್ನೇ ತನ್ನ ಪೀಠ ಮಾಡಿಕೊಂಡಿತು. ಎಲೆಯ ಹೊರಗೆ ಒಂದು ಅಗುಳೂ ಚೆಲ್ಲದೆ ಉಣ್ಣುವ ಅಚ್ಚುಕಟ್ಟು ಅದರದು. ಒಂದು ದಿನ ಮಾತ್ರ ಅನ್ನ ಚೆಲ್ಲಿದುದಕ್ಕೆ ರಮಣರು ಗದರಿಸಲು, ಅದು ಸಿಟ್ಟಿನಿಂದ ಅವರ ಕಣ್ಣಿನ ಬಳಿ ಒಂದು ಏಟು ಕೊಟ್ಟಿತು. ಶಿಕ್ಷೆಯಾಗಿ ಕೆಲವು ದಿನ ತೊಡೆಯೇರುವ ಭಾಗ್ಯ ತಪ್ಪಿತು. ಕುಗ್ಗಿ ನಡುಗಿ ಕ್ಷಮೆ ಬೇಡಿದ ಮೇಲೆ ಮತ್ತೆ ದೊರೆಯಿತು. ಪುರಾಣದ ಋಷ್ಯಾಶ್ರಮಗಳಲ್ಲಿ ಹುಲಿಯೂ ಹಸುವೂ ಒಟ್ಟಿಗೆ ನೀರು ಕುಡಿಯುವುದನ್ನು ಓದುತ್ತೇವೆ. ಆದರೆ ಋಷಿಗೆ ಕೋತಿ ಹೊಡೆದ ಸಂಗತಿ, ಮಕ್ಕಳಿರುವ ಮನೆಯವರಿಗೆ ಅದಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸುವಂಥದು. ಮುಂದೆ ಆಶ್ರಮದ ಹಜಾರಕ್ಕೆ ತಾಯಿಕೋತಿಯೊಂದು ಮರಿಯನ್ನು ಅಪ್ಪಿಕೊಂಡು ಬಂದಾಗ ಭಕ್ತರು ಗದ್ದಲವಾದೀತೆಂದು ಓಡಿಸಹೋದರು. ರಮಣರು ತಡೆದರು. ಮನುಷ್ಯರು ತಮ್ಮ ಕೂಸುಗಳನ್ನು ತಂದು ತೋರಿಸುವುದಾದರೆ, ಅವಳೇಕೆ ತರಬಾರದು ಎಂಬುದು ಅವರ ನ್ಯಾಯ.

ಬೆಟ್ಟದಲ್ಲಿ ಒಮ್ಮೆ ಅವರ ತೊಡೆ ಪೊದೆಯೊಂದಕ್ಕೆ ತಗುಲಿ ಅಲ್ಲಿದ್ದ ಕಣಜದ ಗೂಡು ಕದಡಿತು. ಕಣಜಗಳು ತಪ್ಪು ಮಾಡಿದ ಆ ಕಾಲನ್ನೇ ಮುತ್ತಿ ಕಚ್ಚಿದವು. ಅವು ತಾವಾಗಿ ದಣಿಯುವವರೆಗೂ ರಮಣರು ಕದಲದೆ ನಿಂತರು. ಅವುಗಳ ಮನೆ ಕೆಡಿಸಿದ ತಪ್ಪು ಈ ಕಾಲಿನದು, ದಂಡವನ್ನೂ ಇದೇ ತೆರಲಿ ಎಂಬ ಭಾವ. ಕಾಲು ಬಹಳ ಊದಿ, ಅನೇಕ ದಿನ ನಡೆಯುವುದು ಕಷ್ಟವಾಯಿತು.

ನಾಯಿಗಳ ವಿಷಯ ಬೇರೆಯೇ ಒಂದು ಅಧ್ಯಾಯ. ಸ್ಕಂದಾಶ್ರಮಕ್ಕೆ ಮರಿಯಾಗಿ ಬಂದ ಕಮಲಾ ಎಂಬ ನಾಯಿಯನ್ನು, ಮುಂದೆ ಸಂಸಾರ ಬೆಳೆದೀತೆಂದು ಅಟ್ಟಲು ಭಕ್ತರು ಮಾಡಿದ ಪ್ರಯತ್ನ ಫಲಿಸಲಿಲ್ಲ; ಸಂಸಾರ ಬೆಳೆದೇ ಬೆಳೆಯಿತು. ಅವಳ ಚೊಚ್ಚಲ ಬಾಣಂತನಕ್ಕೆ ಮೈ ತೊಳೆದು, ಅರಿಸಿನ ಬಳಿದು, ಹಣೆಗೆ ಕುಂಕುಮವಿಟ್ಟು, ಶುಚಿಯಾದ ಸ್ಥಳದಲ್ಲಿ ಹತ್ತು ದಿನ ಇರಿಸಿ, ಹತ್ತನೆಯ ದಿನ ಶುದ್ಧಿಯನ್ನೂ ಪಾಯಸದೂಟವನ್ನೂ ನಡೆಸಿದರು. ಹೊಸದಾಗಿ ಬಂದವರಿಗೆ ಬೆಟ್ಟ ತೋರಿಸುವ ಕೆಲಸವನ್ನು ರಮಣರು ಕಮಲೆಗೆ ಒಪ್ಪಿಸುತ್ತಿದ್ದರು. ಅವಳು ಮುಂದೆ ನಡೆದು ಒಂದೊಂದು ಗುಡಿ, ಒಂದೊಂದು ತೀರ್ಥ, ಒಂದೊಂದು ವಿಗ್ರಹದ ಬಳಿಗೂ ಕರೆದೊಯ್ದು ಹಿಂದಕ್ಕೆ ತಂದು ಬಿಡುತ್ತಿದ್ದಳು.

ಚಿನ್ನ ಕರುಪ್ಪನ್ ಇನ್ನೊಂದು ಬಗೆಯವನು. ಮೈಯೆಲ್ಲ ಕಪ್ಪು, ವಿರೂಪಾಕ್ಷ ಗುಹೆಯ ದೂರದ ಪೊದೆಗಳಲ್ಲಿ ಒಮ್ಮೊಮ್ಮೆ ತಲೆ ಮಾತ್ರ ಕಾಣಿಸುವುದು. ಯಾರ ಸಹವಾಸವೂ ಬೇಡವೆಂಬ ಅವನ ವೈರಾಗ್ಯವನ್ನು ಗೌರವಿಸಿ, ರಮಣರೂ ಸಂಗಡಿಗರೂ ಅವನ ಜಾಗದ ಬಳಿ ಅನ್ನವಿಟ್ಟು ಬಂದುಬಿಡುತ್ತಿದ್ದರು. ಒಂದು ದಿನ ಬೆಟ್ಟ ಹತ್ತುವಾಗ ಕರುಪ್ಪನ್ ಥಟ್ಟನೆ ದಾರಿಗೆ ಹಾರಿ, ಅಷ್ಟು ಜನರ ನಡುವೆ ರಮಣರನ್ನೇ ಗುರುತಿಸಿ, ಬಾಲ ಬೀಸುತ್ತ ಮೈಮೇಲೆ ಬಿದ್ದು ಆಡಿದನು. ಅಂದಿನಿಂದ ಅವರ ಜೊತೆಗೇ ಉಳಿದನು. ಆದರೆ ಒಮ್ಮೆ ಮಡಿವಂತನೊಬ್ಬನು ಹತ್ತಿರ ಬಂದನೆಂದು ಹೊಡೆದದ್ದೇ ಕೊನೆ. ಅಭಿಮಾನಿಯಾದ ಕರುಪ್ಪನ್ ಮತ್ತೆಂದೂ ಯಾರ ಕಣ್ಣಿಗೂ ಬೀಳಲಿಲ್ಲ.

ಇದಕ್ಕಿಂತಲೂ ಮನ ಕಲಕುವ ಸಂಗತಿಯೊಂದಿದೆ. ಒಮ್ಮೆ, ರಮಣರನ್ನು ಬಹುಕಾಲ ಸೇವಿಸಿದ ಪಳನಿಸ್ವಾಮಿಯವರು ಇನ್ನೊಂದು ನಾಯಿಯನ್ನು ಯಾವುದೋ ಬೇಸರದಲ್ಲಿ ಗದರಿಸಿದರು. ಪಳನಿಸ್ವಾಮಿ ದುಷ್ಟರಲ್ಲ. ಒಂದು ಬಿರುಸು ಮಾತು, ಅಷ್ಟೆ. ನಾಯಿ ನೆಟ್ಟಗೆ ಶಂಖತೀರ್ಥದ ಕಡೆಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಅದರ ದೇಹ ಆ ಕೊಳದಲ್ಲಿ ತೇಲುತ್ತಿತ್ತು. ಅಂದು ರಮಣರು ಎಲ್ಲರಿಗೂ ತಿಳಿಯಹೇಳಿದರು: ಇಲ್ಲಿಗೆ ಬರುವ ಪ್ರಾಣಿಗಳಿಗೂ ಬುದ್ಧಿಯಿದೆ, ನಿಯಮಗಳಿವೆ, ಯಾವ ಜೀವವು ಉಳಿದ ಯಾವ ಕರ್ಮವನ್ನು ಸವೆಸಲು ಈ ಶರೀರ ತೊಟ್ಟು ನಮ್ಮ ಸಂಗವನ್ನು ಅರಸಿ ಬಂದಿದೆಯೋ ಬಲ್ಲವರಾರು? ಪಳನಿಸ್ವಾಮಿಯವರ ಮನಸ್ಸು ಆ ದಿನ ಹೇಗಿದ್ದಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ತಾಯಿ ಅಳಗಮ್ಮಾಳ್ 1916ರಲ್ಲಿ ಮಗನ ಬಳಿಗೇ ಬಂದು ನೆಲಸಿದರು. 1922ರ ಮೇ 19ರಂದು ಅವರ ಅಂತ್ಯಕಾಲ ಬಂದಾಗ, ಅಂದು ಕಾಗದದಲ್ಲಿ ಉತ್ತರ ಬರೆದು ಕಳುಹಿಸಿದ್ದ ಮಗನು ಒಂದು ಕೈಯನ್ನು ಅವರ ತಲೆಯ ಮೇಲೂ ಇನ್ನೊಂದನ್ನು ಎದೆಯ ಮೇಲೂ ಇಟ್ಟು, ಗಂಟೆಗಟ್ಟಲೆ, ಉಸಿರು ಅಡಗುವವರೆಗೂ ಪಕ್ಕದಲ್ಲಿಯೇ ಕುಳಿತರು. ಬೆಟ್ಟದ ಬುಡದಲ್ಲಿ ತಾಯಿಯ ಸಮಾಧಿಯಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ರಮಣರೂ ಕೆಳಗಿಳಿದು ಅಲ್ಲಿಯೇ ಉಳಿದರು. ಈಗಿನ ಆಶ್ರಮ ಬೆಳೆದದ್ದು ಹೀಗೆ.

ನಾಲ್ಕು ವರ್ಷಗಳ ಮೇಲೆ, 1926ರಲ್ಲಿ, ಗುಡಿಯಾತ್ತಂ ಬಳಿಯ ಕುಮಾರಮಂಗಲದ ಅರುಣಾಚಲಂ ಪಿಳ್ಳೆಯವರು ಒಂದು ಹಸುವನ್ನೂ ಹೆಣ್ಣುಕರುವನ್ನೂ ತಂದು ಆಶ್ರಮಕ್ಕೆ ಒಪ್ಪಿಸಿದರು. ಸುತ್ತ ಕಾಡು, ಚಿರತೆಯ ಭಯ, ಕೊಟ್ಟಿಗೆಯಿಲ್ಲ, ನೋಡಿಕೊಳ್ಳುವವರಿಲ್ಲ. ಬೇಡವೆಂದರೂ ದಾನಿಗಳು ಕೇಳಲಿಲ್ಲ. ಕಡೆಗೆ ಹಸು ಕರುಗಳನ್ನು ಊರಿನಲ್ಲಿ ಪಶುಪತಿಯೆಂಬವರ ಮನೆಯಲ್ಲಿ ಬಿಟ್ಟರು. ಹೆಸರು ಎಷ್ಟು ಚೆನ್ನಾಗಿ ಒಪ್ಪಿದೆ! ಸುಮಾರು ಒಂದು ವರ್ಷದ ಮೇಲೆ ಅವರು ಒಮ್ಮೆ ಹಸು ಕರುಗಳೊಂದಿಗೆ ಆಶ್ರಮಕ್ಕೆ ಬಂದು ಹೋದರು. ಆ ಕರುವೇ ಲಕ್ಷ್ಮಿ. ಒಮ್ಮೆ ಕಂಡ ದಾರಿಯನ್ನು ಅವಳು ಮರೆಯಲಿಲ್ಲ. ಮಾರನೆಯ ದಿನದಿಂದ ಒಬ್ಬಳೇ ಬೆಳಿಗ್ಗೆ ಬರುವಳು, ಸಂಜೆ ತಾನಾಗಿ ಮನೆಗೆ ಹಿಂದಿರುಗುವಳು. ನೇರವಾಗಿ ಹಜಾರಕ್ಕೆ ನಡೆದು, ಕುಳಿತ ಭಕ್ತರನ್ನು ಲೆಕ್ಕಿಸದೆ, ರಮಣರ ಪಾದಗಳ ಮೇಲೆ ತಲೆಯಿಟ್ಟು ನಿಲ್ಲುವಳು. ಬಾಳೆಯಹಣ್ಣು ಕೊಟ್ಟು ಕೊರಳು ಸವರಿದ ಮೇಲೆಯೇ ಕದಲುವಳು. ಕೊನೆಗೆ ಆಶ್ರಮವೇ ಅವಳ ಮನೆಯಾಯಿತು.

ಬೆಟ್ಟದ ದಿನಗಳಲ್ಲಿ ಕೀರೈಪ್ಪಾಟ್ಟಿ, ಎಂದರೆ ಸೊಪ್ಪಿನಜ್ಜಿ, ಎಂಬ ಬಡ ಮುದುಕಿಯೊಬ್ಬಳಿದ್ದಳು. ಬೆಟ್ಟದಲ್ಲಿ ಸೊಪ್ಪು ಆಯ್ದು, ಬೇಯಿಸಿ, ತಾನು ತಿನ್ನುವ ಮೊದಲು ರಮಣರಿಗೆ ತಂದು ಬಡಿಸುತ್ತಿದ್ದಳು. ಆ ಅಜ್ಜಿಯೇ ಲಕ್ಷ್ಮಿಯಾಗಿ ಮರಳಿದಳೆಂದು ಭಕ್ತರು ನಂಬಿದರು. ಪುನರ್ಜನ್ಮದ ಮಾತನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು; ಸೊಪ್ಪು ಬಡಿಸಿದ ಕೈಯ ಋಣವನ್ನು ರಮಣರು ಮರೆಯಲಿಲ್ಲವೆಂಬುದಂತೂ ನಿಜ. ಕೆಲವು ವರ್ಷ ಲಕ್ಷ್ಮಿ ಕರು ಹಾಕಿದ್ದು ರಮಣ ಜಯಂತಿಯ ದಿನವೇ ಎಂಬುದನ್ನೂ ಆಶ್ರಮದವರು ಗುರುತಿಟ್ಟುಕೊಂಡಿದ್ದಾರೆ.

ಕಲ್ಲಿನ ಗೋಶಾಲೆ ಕಟ್ಟಿ ಮುಗಿದು ಗೃಹಪ್ರವೇಶಕ್ಕೆ ಮುಹೂರ್ತವಿಟ್ಟಾಗ ಲಕ್ಷ್ಮಿಯನ್ನು ಸಿಂಗರಿಸಿ ನಿಲ್ಲಿಸಿದ್ದರು. ಎಲ್ಲರೂ ಸಿದ್ಧತೆಯಲ್ಲಿ ಮೈಮರೆತಿದ್ದಾಗ ಅವಳು ತಪ್ಪಿಸಿಕೊಂಡು ಹಜಾರಕ್ಕೆ ಹೋಗಿ ರಮಣರ ಎದುರಿಗೆ ಮಲಗಿಬಿಟ್ಟಳು. ಯಾರು ಎಬ್ಬಿಸಿದರೂ ಏಳಲಿಲ್ಲ. ಅವರು ಸ್ವತಃ ಎದ್ದು ಹೊರಟಾಗ, ಹಿಂದೆಯೇ ಹೋಗಿ ಹೊಸ ಮನೆಯನ್ನು ಹೊಕ್ಕಳು. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮ್ಮವರಿಗೆ ಇದು ಅಚ್ಚರಿಯೆನಿಸದು.

1948ರ ಜೂನ್ ತಿಂಗಳಲ್ಲಿ ಲಕ್ಷ್ಮಿ ಹಾಸಿಗೆ ಹಿಡಿದಳು. ರಮಣರು ಗೋಶಾಲೆಗೆ ಹೋಗಿ, ಹುಲ್ಲಿನ ಮೇಲೆ ಅವಳ ಪಕ್ಕದಲ್ಲಿ ಕುಳಿತು, ಅವಳ ಮುಖವನ್ನು ಎತ್ತಿ ಹಿಡಿದರು. ಒಂದು ಕೈ ತಲೆಯ ಮೇಲೆ, ಒಂದು ಕೈ ಎದೆಯ ಮೇಲೆ. ಇಪ್ಪತ್ತಾರು ವರ್ಷಗಳ ಹಿಂದೆ ತಾಯಿಗೆ ಮಾಡಿದ್ದೂ ಅದನ್ನೇ. ಜೂನ್ 18ರ ಶುಕ್ರವಾರ, ಲಕ್ಷ್ಮಿ ಶಾಂತಳಾಗಿ ದೇಹ ಬಿಟ್ಟಳು. ಆಕೆಯ ಶರೀರಕ್ಕೆ ಅಭಿಷೇಕ ಮಾಡಿ, ಅರಿಸಿನ ಕುಂಕುಮ ಹಚ್ಚಿ, ರೇಷ್ಮೆ ಹೊದಿಸಿ, ರಮಣರ ಸಮ್ಮುಖದಲ್ಲಿಯೇ ಸಮಾಧಿ ಮಾಡಿದರು. ಆ ಬಳಿಕ ರಮಣರು ತಮಿಳಿನಲ್ಲಿ ಒಂದು ಚಿಕ್ಕ ಪದ್ಯ ರಚಿಸಿದರು. ಅದರಲ್ಲಿ ಹೊಗಳಿಕೆಯಿಲ್ಲ, ಗೋಳಿಲ್ಲ. ಸರ್ವಧಾರಿ ಸಂವತ್ಸರ, ಜ್ಯೇಷ್ಠ ಶುಕ್ಲ ದ್ವಾದಶಿ, ಶುಕ್ರವಾರ, ವಿಶಾಖಾ ನಕ್ಷತ್ರದಲ್ಲಿ ಗೋವು ಲಕ್ಷ್ಮಿ ಮುಕ್ತಿ ಹೊಂದಿದಳೆಂಬ ದಾಖಲೆಯಷ್ಟೇ. ಸತ್ತವರನ್ನೆಲ್ಲ ಮುಕ್ತರಾದರೆಂದು ಹೇಳುವುದು ರೂಢಿ. ಆದ್ದರಿಂದ ದೇವರಾಜ ಮುದಲಿಯಾರರು ಈ ಶಬ್ದವನ್ನು ರೂಢಿಯಂತೆ ಬಳಸಿದಿರೋ, ನಿಜವಾದ ಅರ್ಥದಲ್ಲಿಯೋ ಎಂದು ಕೇಳಿಯೇಬಿಟ್ಟರು. ನಿಜವಾದ ಅರ್ಥದಲ್ಲಿಯೇ ಎಂದು ರಮಣರು ಖಚಿತಪಡಿಸಿದರು.

ಆಮೇಲೆ ಅವರ ಎಡತೋಳಿನಲ್ಲಿ ಗಡ್ಡೆಯೊಂದು ಕಾಣಿಸಿಕೊಂಡಿತು. ನಾಲ್ಕು ಶಸ್ತ್ರಚಿಕಿತ್ಸೆಗಳಾದರೂ ಅದು ಮಣಿಯಲಿಲ್ಲ. 1950ರ ಏಪ್ರಿಲ್ 14ರ ರಾತ್ರಿ 8 ಗಂಟೆ 47 ನಿಮಿಷಕ್ಕೆ ರಮಣರು ದೇಹ ಬಿಟ್ಟರು. ತಾಯಿಯ ಗುಡಿಯ ಮಗ್ಗುಲಲ್ಲಿ ಅವರ ಸಮಾಧಿಯಿದೆ. ಅಲ್ಲಿಂದ ಕೆಲವು ಹೆಜ್ಜೆ ನಡೆದರೆ, ಕಾಗೆ, ನಾಯಿ, ಜಿಂಕೆಗಳ ನೆರೆಯಲ್ಲಿ, ಲಕ್ಷ್ಮಿಯ ಕಲ್ಲಿನ ಮೂರ್ತಿ.