ತಾವು ಕಾಣದ ಗೆಲುವಿಗೆ ಅಡಿಪಾಯ ಹಾಕಿದ ಜಗದಾಳೆ

ಬೆಂಗಳೂರು: ಕರ್ನಾಟಕದ ವಿಸ್ಕಿ ಇಂದು ಜಗತ್ತಿನ ಗಮನ ಸೆಳೆದಿರುವುದರ ಹಿಂದೆ ಜೆ.ಎನ್. ರಾಧಾಕೃಷ್ಣ ಜಗದಾಳೆ ಅವರ ಸಾಹಸವಿದೆ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಅವರು ಬೆಂಗಳೂರಿನಲ್ಲಿ ಅಮೃತ್ ಸಂಸ್ಥೆಯನ್ನು ಸ್ಥಾಪಿಸಿದರು. ಸೇನಾ ಕ್ಯಾಂಟೀನುಗಳಿಗೆ ಮದ್ಯ ಪೂರೈಸಿ ನೆಲೆ ಕಂಡುಕೊಂಡರು. ದೇಶೀಯ ಮಿಶ್ರಿತ ವಿಸ್ಕಿಗಳಲ್ಲಿ ಕಾಕಂಬಿಯ ಮದ್ಯಸಾರವೇ ಹೆಚ್ಚಾಗಿದ್ದುದರಿಂದ ಯುರೋಪಿನಲ್ಲಿ ಅವುಗಳಿಗೆ ವಿಸ್ಕಿಯೆಂಬ ಹೆಸರೂ ಸಲ್ಲುತ್ತಿರಲಿಲ್ಲ. ಈ ಕಳಂಕ ಅಳಿಯುವ ಮುನ್ನವೇ, 1976ರಲ್ಲಿ, ಜಗದಾಳೆ ನಿಧನರಾದರು.

ಪುತ್ರ ನೀಲಕಂಠ ಜಗದಾಳೆ ಬಾರ್ಲಿಯನ್ನೇ ನಂಬಿದರು. 2004ರಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆಯಾಯಿತು. ಭಾರತ ಹಾಗೂ ಸ್ಕಾಟ್ಲೆಂಡ್ ಬಾರ್ಲಿಗಳೆರಡೂ ಬೆರೆತ ಅಮೃತ್ ಫ್ಯೂಷನ್‌ಗೆ ರುಚಿತಜ್ಞ ಜಿಮ್ ಮರ್ರೆ 100ಕ್ಕೆ 97 ಅಂಕ ನೀಡಿ, ತಮ್ಮ 2010ರ ಕೈಪಿಡಿಯಲ್ಲಿ ವಿಶ್ವದ ಮೂರನೇ ಸ್ಥಾನ ಕೊಟ್ಟರು. ಆ ತೀರ್ಪು ಕೇಳಲು ಸ್ಥಾಪಕರು ಇರಲಿಲ್ಲ. ಬಾಟಲಿಯ ಮೇಲೆ ಅವರಿಟ್ಟ ಹೆಸರಿತ್ತು.