ಧೋಂಡಿಯ ವಾಘ್: ದರೋಡೆಕೋರ ಅಂತ ಹೆಸರಿಟ್ಟವರು ಯಾರು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವತ್ತು ವಿಜಯನಗರ ಜಿಲ್ಲೆಯಲ್ಲಿವೆ. 1799ರಲ್ಲಿ ಟಿಪ್ಪು ಸತ್ತಾಗ ಹರಪನಹಳ್ಳಿಯನ್ನು ಪೇಶ್ವೆಯ ಪಾಲಿಗೆಂದು ಎತ್ತಿಡಲಾಗಿತ್ತು. ಪೇಶ್ವೆ ಷರತ್ತು ಒಪ್ಪಲಿಲ್ಲ. ಅವನ ಪಾಲನ್ನು ಕಂಪನಿ, ನಿಜಾಮ ಹಂಚಿಕೊಂಡರು. ಸೀಮೆಯ ಜನರನ್ನು ಯಾರೂ ಕೇಳಲಿಲ್ಲ.

ಈ ಹಂಚಿಕೆಯನ್ನು ಒಪ್ಪದೆ ಕತ್ತಿ ಹಿಡಿದವರಲ್ಲಿ ಕಂಪನಿಯನ್ನು ಹೆಚ್ಚು ಕಾಡಿದವನು ಧೋಂಡಿಯ ವಾಘ್. ಚನ್ನಗಿರಿಯ ಮರಾಠ ಮನೆತನದವನು. ಹೈದರಾಲಿಯ ಅಶ್ವದಳದಲ್ಲಿ ಪಳಗಿದವನು. ಮೂರನೇ ಮೈಸೂರು ಯುದ್ಧದ ಹೊತ್ತಿಗೆ ಟಿಪ್ಪುವನ್ನು ಬಿಟ್ಟು ಲಕ್ಷ್ಮೇಶ್ವರದ ಕಡೆ ಸ್ವಂತ ದಂಡು ಕಟ್ಟಿದ. ಲೂಟಿಯನ್ನೂ ಮಾಡಿದ, ಅದನ್ನು ಮುಚ್ಚಿಡಬೇಕಿಲ್ಲ. ಮರಾಠರು ಓಡಿಸಿದಾಗ 1794ರಲ್ಲಿ ಮತ್ತೆ ಟಿಪ್ಪುವಿನ ಬಳಿಗೇ ಬಂದ. ಕೊನೆಗೆ ಅಲ್ಲೇ ಸೆರೆ ಸೇರಿದ.

ಸೆರೆಯಲ್ಲಿ ಟಿಪ್ಪು ಬಲವಂತವಾಗಿ ಮತಾಂತರ ಮಾಡಿಸಿದ ಅಂತ ಕಂಪನಿ ಕಡೆಯ ಇತಿಹಾಸಕಾರರು ಬರೆದರು. ಅದಕ್ಕೇ ಇವತ್ತು ಒಬ್ಬರಿಗೆ ಅವನು ಟಿಪ್ಪುವಿನ ಬಲಿಪಶು, ಇನ್ನೊಬ್ಬರಿಗೆ ಟಿಪ್ಪುವಿನ ಹೋರಾಟ ಮುಂದುವರಿಸಿದವನು. ಇಬ್ಬರೂ ಒಂದು ಪ್ರಶ್ನೆ ಬಿಟ್ಟುಬಿಡ್ತಾರೆ: ಸೆರೆಯಿಂದ ಬರಿಗೈಲಿ ಹೊರಬಂದವನ ಹಿಂದೆ ಒಂದೇ ವರ್ಷದಲ್ಲಿ ಸಾವಿರಾರು ಕುದುರೆ ಸವಾರರು ಹೇಗೆ ಬಂದರು?

ಉತ್ತರ ಶ್ರೀರಂಗಪಟ್ಟಣದಲ್ಲೇ ಇದೆ. ಟಿಪ್ಪುವಿನ ಸೈನ್ಯ ಚದುರಿತ್ತು. ಸಂಬಳ ಹೋದ, ಕತ್ತಿ-ಕುದುರೆ ಬಿಟ್ಟು ಬೇರೆ ಕಸುಬು ಗೊತ್ತಿಲ್ಲದ ಸಿಪಾಯಿಗಳಿಗೆ ಧೋಂಡಿಯ ನಾಯಕನಾದ. ಅಸಮಾಧಾನಗೊಂಡ ಪಾಳೆಯಗಾರರೂ ಕೆಲವರು ಜೊತೆಯಾದರು. 1799ರ ಆಗಸ್ಟಿನಲ್ಲಿ ಕಂಪನಿ ಅವನನ್ನು ಶಿಕಾರಿಪುರದ ಕಡೆಯಿಂದ ಮರಾಠರ ಸೀಮೆಗೆ ಅಟ್ಟಿತು. ಅವನು ಮತ್ತೆ ದಂಡು ಕಟ್ಟಿ, 'ಉಭಯ ಲೋಕಾಧೀಶ್ವರ' ಅಂತ ಬಿರುದು ಧರಿಸಿದ. 1800ರ ಜೂನ್ 30ರಂದು ಕಿತ್ತೂರಿನ ಬಳಿ ಮರಾಠ ಸರದಾರ ಧೋಂಡೋಪಂತ ಗೋಖಲೆಯನ್ನೇ ಮುಗಿಸಿದ.

ಅಷ್ಟರಲ್ಲಿ ಆರ್ಥರ್ ವೆಲ್ಲೆಸ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿ ಬಂದಿದ್ದ. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಇವನೇ. ರಾಣೆಬೆನ್ನೂರು, ಕುಂದಗೋಳ, ಹಡಗಲಿಯಿಂದ ಹೊಳೆಯಾಚೆಗಿನ ಡಂಬಳ ಒಂದೊಂದಾಗಿ ಬಿದ್ದವು. ವೆಲ್ಲೆಸ್ಲಿಯ ದಂಡಿಗೆ ಎತ್ತುಗಳ ಮೇಲೆ ಧಾನ್ಯ ಹೊತ್ತು ತಂದವರು ಬಂಜಾರರು, ಅಂದರೆ ನಮ್ಮ ಲಂಬಾಣಿಗರು. ಜುಲೈ 30ರಂದು ಮಲಪ್ರಭೆ ದಂಡೆಯ ಮುನವಳ್ಳಿಯಲ್ಲಿ ಧೋಂಡಿಯನ ಪಾಳೆಯ ಹಾಳಾಯಿತು. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನ್‌ಗಲ್‌ನಲ್ಲಿ, ಸುಮಾರು 5,000 ಸವಾರರೊಂದಿಗಿದ್ದ ಅವನ ಮೇಲೆ ವೆಲ್ಲೆಸ್ಲಿ ನಾಲ್ಕು ಅಶ್ವದಳ ಕಟ್ಟಿಕೊಂಡು ತಾನೇ ಮುಂದೆ ನಿಂತು ಏರಿಹೋದ. ಧೋಂಡಿಯ ಅಲ್ಲೇ ಸತ್ತ. ಶವವನ್ನು ಫಿರಂಗಿಗೆ ಕಟ್ಟಿ ತಂದರು. ಅವನ ಮಗ ಸಲಾಬತ್ ಖಾನ್‌ನನ್ನು ಸಾಕುವ ಹೊಣೆ ಹೊತ್ತವನೂ ವೆಲ್ಲೆಸ್ಲಿಯೇ.

ಅದೇ ಅಕ್ಟೋಬರಿನಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಒಪ್ಪಿಸಿದ. ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಪಾಳೆಯಗಾರರನ್ನು ಬಗ್ಗಿಸಿದ. ಕಂಪನಿಯ ಕಡತಗಳಲ್ಲಿ ಧೋಂಡಿಯ ದರೋಡೆಕೋರನಾಗಿಯೇ ಉಳಿದ. ಈ ಹಣೆಪಟ್ಟಿ ಸಣ್ಣದಲ್ಲ. ಎದುರಾಳಿಯನ್ನು ದರೋಡೆಕೋರ ಅಂದುಬಿಟ್ಟರೆ ಅವನ ಜೊತೆ ಸಂಧಾನ ಬೇಕಿಲ್ಲ, ಅವನ ಜನರ ಹೊಟ್ಟೆಪಾಡಿನ ಬಗ್ಗೆ ಯೋಚಿಸಬೇಕಿಲ್ಲ. 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಹೊತ್ತಿಗೆ ಇದೇ ಬುದ್ಧಿ ಕಾನೂನಾಯಿತು. ದಂಡಿಗೆ ಅನ್ನ ಹೊತ್ತ ಲಂಬಾಣಿಗರನ್ನೂ ಮುಂದೆ ಹಲವೆಡೆ ಆ ಪಟ್ಟಿಗೆ ಸೇರಿಸಿದರು.

ಈಗ ನಮ್ಮ ಪಠ್ಯಪುಸ್ತಕ ಧೋಂಡಿಯನನ್ನು ಬ್ರಿಟಿಷರ ವಿರುದ್ಧ ಹೋರಾಡಿದವರ ಸಾಲಿನಲ್ಲಿ ಇಟ್ಟಿದೆ. ನ್ಯಾಯವೇ. ಆದರೆ ದೇಶಭಕ್ತ ಅಂತ ಹಾರ ಹಾಕಿ ಅವನು ಮಾಡಿದ ಲೂಟಿಯನ್ನು ಮರೆತರೆ ನಾವೂ ಕಂಪನಿಯಂತೆ ಅರ್ಧ ಕಥೆಯನ್ನೇ ಹೇಳಿದಂತೆ. ಅವನು ಅಧಿಕಾರ ಬಯಸಿದ ದಂಡನಾಯಕ, ಕೆಲಸ ಕಳೆದುಕೊಂಡ ಸಿಪಾಯಿಗಳ ಕೊನೆಯ ಆಸರೆ. ಯಾರನ್ನಾದರೂ ದರೋಡೆಕೋರ, ದೇಶದ್ರೋಹಿ ಅಂತ ಸರ್ಕಾರ ಕರೆದಾಗ, ಅವರ ಹಿಂದೆ ಜನ ಯಾಕೆ ಹೋದರು ಅಂತ ಮೊದಲು ಕೇಳಬೇಕು.